ಶಾಸನದ ಒರೆಗಲ್ಲಿನಲ್ಲಿ ಹೀಬ್ರೂ ಶಾಸ್ತ್ರಗ್ರಂಥ

ಐತಿಹ್ಯದ ಚಾರಿತ್ರಿಕತೆಯನ್ನು ನಿರ್ಣಯಿಸುವ ಕಾರ್ಯ ಕನ್ನಡ ನಾಡಿನ ಅಭ್ಯಾಸಿಗಳಿಗೆ ಹೊಸತಲ್ಲ. ಚಂದ್ರಗುಪ್ತ ಮೌರ್ಯನು ಭದ್ರಬಾಹುವಿನೊಡನೆ ಶ್ರವಣಬೆಳಗೊಳಕ್ಕೆ ಬಂದನೆಂಬುದನ್ನು ರೈಸರು ಎತ್ತಿಹಿಡಿದರು, ಫ್ಲೀಟರು ಅಲ್ಲಗಳೆದರು. ಭದ್ರಬಾಹುವನ್ನು ಹೆಸರಿಸುವ ಅಲ್ಲಿನ ಅತಿ ಪ್ರಾಚೀನ ಶಾಸನವೇ ಸುಮಾರು ಕ್ರಿ.ಶ. 600ರದು, ಘಟನೆಗೂ ಅದಕ್ಕೂ ಒಂಬತ್ತು ಶತಮಾನಗಳ ಅಂತರ. ಹೀಬ್ರೂ ಗ್ರಂಥವನ್ನು ಪರೀಕ್ಷಿಸುವಾಗಲೂ ಇದೇ ಅಳತೆಗೋಲನ್ನು ಹಿಡಿಯಬೇಕೆಂಬುದು ನಮ್ಮ ಮತ.

ಕ್ರಿ.ಪೂ. 701ರಲ್ಲಿ ಅಶ್ಶೂರದ ಸನ್ಹೇರೀಬನು ಯೆಹೂದದ ಮೇಲೆ ದಂಡೆತ್ತಿ ಬಂದನು. ಯೆಹೂದದ ಅರಸ ಹಿಜ್ಕೀಯನು ತೆತ್ತ ಕಪ್ಪ, ‘ಅರಸುಗಳು’ ಎರಡನೆಯ ಗ್ರಂಥದ ಪ್ರಕಾರ, 30 ತಲಾಂತು ಚಿನ್ನ, 300 ತಲಾಂತು ಬೆಳ್ಳಿ. ಸನ್ಹೇರೀಬನ ಶಾಸನದಲ್ಲಿ ಚಿನ್ನ ಅಷ್ಟೇ; ಬೆಳ್ಳಿ ಮಾತ್ರ 800. ಈ ವ್ಯತ್ಯಾಸವನ್ನೇ ಹಿಡಿದು ಗ್ರಂಥವನ್ನು ಹುಸಿಯೆನ್ನುವವರು ಶಾಸನವೂ ರಾಜಪ್ರಶಸ್ತಿಯೆಂಬುದನ್ನು ಮರೆಯುತ್ತಾರೆ. (ನಮ್ಮ ಪ್ರಶಸ್ತಿಕಾರರ ಕೈಚಳಕವನ್ನು ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ.) 46 ಕೋಟೆಪಟ್ಟಣಗಳನ್ನು ಗೆದ್ದೆನೆಂದು ಬೀಗುವ ಅರಸನು ಯೆರೂಸಲೇಮನ್ನು ಹಿಡಿದೆನೆಂದು ಎಲ್ಲಿಯೂ ಹೇಳುವುದಿಲ್ಲ, ನಿನೆವೆಯ ಅರಮನೆಯ ಗೋಡೆಗಳಲ್ಲಿ ಅವನು ಕೆತ್ತಿಸಿದ್ದು ಲಾಕೀಷಿನ ಮುತ್ತಿಗೆಯನ್ನು. ನಗರ ಉಳಿಯಿತೆಂಬ ಗ್ರಂಥದ ಮಾತಿಗೆ ಶತ್ರುವಿನ ಈ ಮೌನವೇ ಬಲವಾದ ಸಾಕ್ಷ್ಯ. ದೇವದೂತನು ಒಂದೇ ರಾತ್ರಿಯಲ್ಲಿ 1,85,000 ಜನರನ್ನು ಸಂಹರಿಸಿದನೆಂಬುದಕ್ಕೆ ಆ ಸಾಕ್ಷ್ಯ ಸಲ್ಲದು.

ಯೆರಿಕೋವಿನ ವಿಷಯ ಬೇರೆ. ಅಲ್ಲಿ 1952ರಿಂದ 1958ರವರೆಗೆ ಉತ್ಖನನ ನಡೆಸಿದ ಕ್ಯಾಥ್ಲೀನ್ ಕೆನ್ಯನ್ ಅವರಿಗೆ, ಯೆಹೋಶುವನ ಕಾಲವೆಂದು ಹಲವರು ಹೇಳುವ ಕ್ರಿ.ಪೂ. 13ನೆಯ ಶತಮಾನದ ಕೋಟೆಗೋಡೆ ಸಿಕ್ಕಲಿಲ್ಲ. ‘ಅರಸುಗಳು’ ಗ್ರಂಥವು ಈಗಿನ ರೂಪ ತಾಳಿದ್ದು ಕ್ರಿ.ಪೂ. 6ನೆಯ ಶತಮಾನದಲ್ಲೆಂದು ವಿದ್ವಾಂಸರಲ್ಲಿ ಬಹುಮಂದಿ ಭಾವಿಸುತ್ತಾರೆ. ಹಿಜ್ಕೀಯನಿಗೂ ಅದಕ್ಕೂ ಇರುವ ದೂರ ಸುಮಾರು ಒಂದೂವರೆ ಶತಮಾನ. ಯೆಹೋಶುವನ ಕಥೆಗೆ ಇಂಥ ಸಾಮೀಪ್ಯವಿಲ್ಲ.