ಆಟಕ್ಕುಂಟು, ಲೆಕ್ಕಕ್ಕಿಲ್ಲ

ಕ್ರಿಕೆಟ್ ಅಂಕಿಅಂಶದ ಪುಟಗಳನ್ನ ನಾನು ಕಾದಂಬರಿ ಓದಿದ ಹಾಗೆ ಓದ್ತೀನಿ. ಆಫೀಸಲ್ಲಿ ದಿನವಿಡೀ ಎಕ್ಸೆಲ್ ನೋಡಿದ್ಮೇಲೂ ಬೇಕಾ ಇದು ಅಂತ ಮನೇಲಿ ಬೈತಾರೆ, ಇರಲಿ. ಹಾಗೆ ಓದಿದ್ದರಲ್ಲಿ ನನಗೆ ಅತಿ ವಿಚಿತ್ರ ಅನ್ನಿಸಿದ್ದು ಬಳ್ಳಾರಿ ಟಸ್ಕರ್ಸ್ ತಂಡದ 2019ರ ಕೆಪಿಎಲ್ ಸ್ಕೋರ್‌ಕಾರ್ಡುಗಳು.

ಆಗಸ್ಟ್ 23, ಚಿನ್ನಸ್ವಾಮಿ ಕ್ರೀಡಾಂಗಣ, ಎದುರಾಳಿ ಶಿವಮೊಗ್ಗ ಲಯನ್ಸ್. ಮಳೆಯಿಂದ ಪಂದ್ಯ 17 ಓವರಿಗೆ ಇಳಿದಿತ್ತು. ಕೆ. ಗೌತಮ್ 56 ಎಸೆತದಲ್ಲಿ ಔಟಾಗದೆ 134, ಅದರಲ್ಲಿ 13 ಸಿಕ್ಸರ್. ಇಡೀ ಇನಿಂಗ್ಸಿನಲ್ಲಿ ಇದ್ದದ್ದೇ 102 ಎಸೆತ, ಅರ್ಧಕ್ಕಿಂತ ಹೆಚ್ಚು ಇವರೊಬ್ಬರ ಪಾಲು. ಬಳ್ಳಾರಿ 203. ಆಮೇಲೆ ಇದೇ ಗೌತಮ್ ಆಫ್ ಸ್ಪಿನ್ ಹಾಕಿ 4 ಓವರಲ್ಲಿ 15 ರನ್ನಿಗೆ 8 ವಿಕೆಟ್ ತೆಗೆದರು. ಶಿವಮೊಗ್ಗ 133ಕ್ಕೆ ಆಲೌಟ್. ಹನ್ನೊಂದು ಜನ ಸೇರಿ ಹೊಡೆದದ್ದಕ್ಕಿಂತ ಒಬ್ಬರೇ ಹೊಡೆದದ್ದು ಒಂದು ರನ್ ಜಾಸ್ತಿ!

ಇದಕ್ಕೆ ಎರಡು ವಾರ ಮುಂಚೆ, ಆಗಸ್ಟ್ 7ರಂದು, ಲೆಸ್ಟರ್‌ಶೈರ್‌ನ ಕಾಲಿನ್ ಅಕರ್‌ಮನ್ 18ಕ್ಕೆ 7 ವಿಕೆಟ್ ತೆಗೆದು ಟಿ20 ವಿಶ್ವದಾಖಲೆ ಬರೆದಿದ್ದರು. ಹಾಗಾದ್ರೆ ಗೌತಮ್ ಅದನ್ನ ಮುರಿದರಾ? ಇಲ್ಲ. ಕೆಪಿಎಲ್‌ಗೆ ಅಧಿಕೃತ ಟಿ20 ಮಾನ್ಯತೆ ಇರಲಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಇದು ಅನ್ಯಾಯ ಅಂತ ಆಗ ತುಂಬಾ ಜನ ಕೂಗಿದ್ರು. ನನಗೆ ಹಾಗನ್ನಿಸಲ್ಲ. ಎಲ್ಲೋ ಒಂದು ಗೆರೆ ಎಳೀಲೇಬೇಕು, ಇಲ್ಲಾಂದ್ರೆ ಕುರುಗೋಡಿನ ಟೆನಿಸ್ ಬಾಲ್ ಟೂರ್ನಿಯ ಹ್ಯಾಟ್ರಿಕ್ಕೂ ಬಂದು ಸಾಲಲ್ಲಿ ನಿಲ್ಲುತ್ತೆ.

ನನ್ನ ತಕರಾರು ಬೇರೆ. ಎಂಟು ದಿನದ ನಂತರ ಮೈಸೂರಲ್ಲಿ ಫೈನಲ್. ಬಳ್ಳಾರಿ ಹುಬ್ಬಳ್ಳಿ ಟೈಗರ್ಸ್‌ಗೆ 8 ರನ್ನಿಂದ ಸೋತಿತು. ನವೆಂಬರಲ್ಲಿ, ಆ ಫೈನಲ್ಲಿನ ಸ್ಪಾಟ್ ಫಿಕ್ಸಿಂಗ್ ಆರೋಪದ ಮೇಲೆ ಪೊಲೀಸರು ಬಳ್ಳಾರಿಯ ನಾಯಕ ಸಿ.ಎಂ. ಗೌತಮ್ ಮತ್ತು ಇನ್ನೊಬ್ಬ ಆಟಗಾರನನ್ನ ಬಂಧಿಸಿದರು. (ಎಂಟು ವಿಕೆಟ್ಟಿನ ಗೌತಮ್ ಬೇರೆ, ಈ ಗೌತಮ್ ಬೇರೆ. ದಯವಿಟ್ಟು ಕಲಸಬೇಡಿ.) 2022ರ ಜನವರಿಯಲ್ಲಿ ಹೈಕೋರ್ಟು ಮ್ಯಾಚ್ ಫಿಕ್ಸಿಂಗ್ ಅನ್ನೋದು ಐಪಿಸಿ 420ರ ವಂಚನೆ ಆಗೋದಿಲ್ಲ ಅಂತ ಹೇಳಿ ಪ್ರಕರಣ ರದ್ದು ಮಾಡಿತು. ಅಂದ್ರೆ ಫೈನಲ್ಲಿನ ಆ ಓವರುಗಳಲ್ಲಿ ಏನಾಯ್ತು ಅನ್ನೋ ಪ್ರಶ್ನೆಗೆ ವಿಚಾರಣೆಯಲ್ಲಿ ಉತ್ತರ ಸಿಗಲೇ ಇಲ್ಲ. ಆದರೆ ಸ್ಕೋರ್‌ಕಾರ್ಡ್ ನೋಡಿ: ಒಂದು ಚುಕ್ಕೆಯೂ ಇಲ್ಲ, ಮಡಿ ಬಟ್ಟೆಯ ಹಾಗೆ ಶುಭ್ರ. ಸಿರುಗುಪ್ಪದ ಭತ್ತದ ಗದ್ದೆಯ ಪಹಣಿ ತೆಗೆದ್ರೆ 11ನೇ ಕಲಮ್ಮಲ್ಲಿ ಋಣ ಗಿಣ ಎಲ್ಲಾ ಬರೆದಿರ್ತಾರೆ. ಕೊಳ್ಳೋನು ಮೊದಲು ನೋಡೋದೇ ಅದನ್ನ. ಸ್ಕೋರ್‌ಕಾರ್ಡಿಗೆ ಅಂಥ ಕಲಮ್ಮೇ ಇಲ್ಲ.

ಇನ್ನೂ ಒಂದಿದೆ. ಈ ಅಂಕಿಗಳು ಯಾರವು? ಅಮೆರಿಕನ್ ಫುಟ್‌ಬಾಲಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಮಾಲೀಕ 1996ರಲ್ಲಿ ತಂಡವನ್ನ ಬಾಲ್ಟಿಮೋರ್‌ಗೆ ಒಯ್ದ. ಊರು ಜಗಳಕ್ಕೆ ನಿಂತಿತು. ಕೊನೆಗೆ ಆಟಗಾರರು ಹೋದರೂ ಹೆಸರು, ಬಣ್ಣ, ಹಳೇ ದಾಖಲೆಗಳೆಲ್ಲ ಕ್ಲೀವ್‌ಲ್ಯಾಂಡಿಗೇ ಉಳಿದವು. 1999ರಲ್ಲಿ ಹೊಸ ತಂಡ ಬಂದಾಗ ಅದೇ ಪುಸ್ತಕ ಮುಂದುವರೀತು. ಬಾಲ್ಟಿಮೋರ್‌ನವರು ಸೊನ್ನೆಯಿಂದ ಶುರು ಮಾಡಿದರು.

ನಮ್ಮಲ್ಲಿ? 2019ರ ಕೆಪಿಎಲ್ ನಡೆದದ್ದು ಬೆಂಗಳೂರು, ಮೈಸೂರಲ್ಲಿ. ಬಳ್ಳಾರಿಯವರು 'ನಮ್ಮ' ತಂಡ ನೋಡಬೇಕಂದ್ರೆ ಟಿವಿ, ಇಲ್ಲಾ 300 ಕಿಲೋಮೀಟರ್ ರಾತ್ರಿ ಬಸ್ಸು. ಲೀಗ್ ಅದೇ ವರ್ಷ ನಿಂತಿತು. 2022ರಲ್ಲಿ ಮಹಾರಾಜ ಟ್ರೋಫಿ ಅಂತ ಮತ್ತೆ ಶುರುವಾದಾಗ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಗುಲ್ಬರ್ಗ, ಹೀಗೆ ಆರು ತಂಡ ಬಂದವು. ಬಳ್ಳಾರಿ ಬರಲಿಲ್ಲ. ಆ 134, ಆ 8 ವಿಕೆಟ್ಟು ಈಗ ಊರಿಲ್ಲದ ತಂಡದ ಹೆಸರಲ್ಲಿವೆ, ಮುಂದಿನ ಸಾಲು ಬರೆಯೋರಿಲ್ಲ.