ಎರಡು ಹೆಜ್ಜೆಯಲ್ಲಿ ಹುಟ್ಟುವ ಫೈಲ್

ನೆಟ್‌ವರ್ಕಿನಾಚೆಯ ಸರ್ವರಿನಲ್ಲಿ ಹೊಸ ಫೈಲ್ ಬೇಕೆಂದಾಗ ಹೆಸರೊಂದನ್ನೇ ಕಳಿಸಿದರೆ ಸಾಲದು. ಯಾರು ಓದಬಹುದು, ಯಾರು ಬರೆಯಬಹುದು, ಒಡೆಯ ಯಾರು ಎಂಬ ಗುಣಲಕ್ಷಣಗಳೂ ಜೊತೆಗೆ ಹೋಗಬೇಕು. ಸನ್ ಮೈಕ್ರೋಸಿಸ್ಟಮ್ಸ್ ಹುಟ್ಟುಹಾಕಿದ, ನೆಟ್‌ವರ್ಕಿನ ಮೂಲಕ ಫೈಲ್ ಹಂಚಿಕೊಳ್ಳುವ ಎನ್‌ಎಫ್‌ಎಸ್ ಪ್ರೋಟೋಕಾಲ್ ಇದನ್ನು ನಿಭಾಯಿಸಿದ ರೀತಿ ಜಾಣತನದ್ದು, ಆದರೆ ಬಹುಕಾಲ ಅರೆಬರೆಯಾಗಿತ್ತು.

1995ರಲ್ಲಿ ಪ್ರಕಟವಾದ ಅದರ ಮೂರನೇ ಆವೃತ್ತಿಯನ್ನೇ ನೋಡಿ. ಸರ್ವರಿನ ಉತ್ತರ ದಾರಿಯಲ್ಲಿ ಕಳೆದುಹೋದರೆ ಕ್ಲೈಂಟ್, ಅಂದರೆ ಫೈಲ್ ಕೇಳಿದ ಕಂಪ್ಯೂಟರ್, ಅದೇ ಕೋರಿಕೆಯನ್ನು ಮತ್ತೆ ಕಳಿಸುತ್ತದೆ. ಆಗ ಸರ್ವರ್ ‘ಈ ಫೈಲ್ ಈಗಾಗಲೇ ಇದೆ’ ಎಂದರೆ, ಅದು ತಾನೇ ಮಾಡಿಸಿದ್ದೋ ಬೇರೆಯವರದ್ದೋ ಎಂದು ಕ್ಲೈಂಟಿಗೆ ತಿಳಿಯದು. ಇದಕ್ಕೆಂದೇ ‘ಎಕ್ಸ್‌ಕ್ಲೂಸಿವ್’ ಎಂಬ ವಿಧಾನ ಬಂತು: ಕ್ಲೈಂಟ್ 8 ಬೈಟ್‌ಗಳ ಗುರುತನ್ನು ಕಳಿಸುತ್ತದೆ, ಸರ್ವರ್ ಅದನ್ನು ಫೈಲಿನ ಜೊತೆ ಡಿಸ್ಕಿನಲ್ಲಿ ಉಳಿಸಿ, ಮರುಕೋರಿಕೆ ಬಂದಾಗ ಹೋಲಿಸಿ ನೋಡುತ್ತದೆ. ಸೊಗಸಾದ ಪರಿಹಾರ. ಆದರೆ ಗುರುತನ್ನು ಇಡುವುದೆಲ್ಲಿ? ಲಿನಕ್ಸ್ ಸರ್ವರ್ ಅದನ್ನು ಫೈಲನ್ನು ಓದಿದ, ಬದಲಿಸಿದ ಸಮಯಗಳ ಜಾಗದಲ್ಲೇ ತುಂಬುತ್ತದೆ. ಈ ವಿಧಾನದಲ್ಲಿ ಗುಣಲಕ್ಷಣಗಳನ್ನು ಜೊತೆಗೆ ಕಳಿಸಲು ಅವಕಾಶವೇ ಇಲ್ಲ. ಹಾಗಾಗಿ ಲಿನಕ್ಸ್ ಸರ್ವರಿನಲ್ಲಿ ಫೈಲ್ ಯಾರಿಗೂ ಅನುಮತಿಯಿಲ್ಲದೆ, ಅರ್ಥವಿಲ್ಲದ ದಿನಾಂಕ ಹೊತ್ತು ಹುಟ್ಟುತ್ತದೆ. ಕ್ಲೈಂಟ್ ಇನ್ನೊಂದು ಕೋರಿಕೆ ಕಳಿಸಿ ಎಲ್ಲವನ್ನೂ ಸರಿಪಡಿಸಬೇಕು. ಆ ನಡುವೆ ಕ್ಲೈಂಟ್ ನಿಂತುಹೋದರೆ ಫೈಲ್ ಹಾಗೆಯೇ ಉಳಿಯುತ್ತದೆ. ನನ್ನ ಆಕ್ಷೇಪ ಇರುವುದು ಇಲ್ಲೇ: ಹುಟ್ಟನ್ನೂ ಗುಣಲಕ್ಷಣವನ್ನೂ ಬೇರ್ಪಡಿಸಿದ್ದು ತಪ್ಪು.

ಇದನ್ನು ತಿದ್ದಿದ್ದು 2010ರ 4.1 ಆವೃತ್ತಿ. ಅದರಲ್ಲಿ ಗುರುತೂ ಗುಣಲಕ್ಷಣಗಳೂ ಒಂದೇ ಕೋರಿಕೆಯಲ್ಲಿ ಹೋಗಬಹುದು. ಯಾವ ಗುಣಲಕ್ಷಣಗಳನ್ನು ಹೀಗೆ ಒಪ್ಪಿಕೊಳ್ಳುತ್ತೇನೆಂದು ಸರ್ವರ್ ಮೊದಲೇ ಹೇಳುತ್ತದೆ. ನಾಲ್ಕನೇ ಆವೃತ್ತಿಯ ಇನ್ನೊಂದು ಗುಣ ನನಗೆ ಇದಕ್ಕಿಂತಲೂ ಮುಖ್ಯ: ಕೇಳಿದವುಗಳಲ್ಲಿ ಯಾವುದನ್ನು ನಿಜವಾಗಿ ಹಚ್ಚಿದೆ ಎಂಬ ಪಟ್ಟಿ ಉತ್ತರದಲ್ಲೇ ಬರುತ್ತದೆ.

ಹೊಸ ಫೈಲಿನ ಅನುಮತಿಗಳಲ್ಲಿ ಯಾವುದನ್ನು ಕತ್ತರಿಸಬೇಕೆಂದು ಹೇಳುವ ಯುಮಾಸ್ಕ್ ವಿಷಯದಲ್ಲಿ ಮಾತ್ರ ತುಂಬಾ ತಡವಾಯಿತು. ಕ್ಲೈಂಟ್ ಅನುಮತಿಗಳನ್ನು ತಾನೇ ಕತ್ತರಿಸಿ ಕಳಿಸುತ್ತಿದ್ದುದರಿಂದ, ಫೋಲ್ಡರಿನಿಂದ ಬರಬೇಕಾದ ಅನುಮತಿ ಹೊಸ ಫೈಲಿಗೆ ಪೂರ್ತಿ ದಕ್ಕುತ್ತಿರಲಿಲ್ಲ. ಹಲವರು ಹಂಚಿಕೊಂಡು ದುಡಿಯುವ ಕಡೆ ಇದು ಸಣ್ಣ ತೊಂದರೆಯಲ್ಲ. ಕತ್ತರಿಸದ ಅನುಮತಿಯನ್ನೂ ಯುಮಾಸ್ಕನ್ನೂ ಬೇರೆಬೇರೆಯಾಗಿ ಕಳಿಸುವ ಏರ್ಪಾಡು ಮಾನದಂಡವಾದದ್ದು 2017ರಲ್ಲಿ.

ಫೈಲ್ ಸರ್ವರ್ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ಉತ್ತರದ ಆ ಪಟ್ಟಿಯನ್ನು ಪ್ರಾಮಾಣಿಕವಾಗಿ ತುಂಬಿ. ಹಚ್ಚದ ಗುಣಲಕ್ಷಣವನ್ನು ಹಚ್ಚಿದೆ ಎನ್ನಬೇಡಿ.