ತರಕಾರಿಗೆ ದುಡ್ಡು ಕೊಟ್ಟವರು

ಪ್ರತಿ ವರ್ಷ ಜುಲೈ 30 ಹತ್ತಿರ ಬಂದಾಗ ನಮ್ಮ ಆಫೀಸಿನ ಸಿಎಸ್‌ಆರ್ ಟೀಮಿನಿಂದ ಒಂದು ಮೇಲ್ ಬರುತ್ತೆ. ಮಾನವ ಕಳ್ಳಸಾಗಣೆ ವಿರೋಧಿ ದಿನ. ಜೊತೆಗೊಂದು ಪೋಸ್ಟರ್: ಕತ್ತಲೆ ಕೋಣೆ, ಹಗ್ಗ ಕಟ್ಟಿದ ಎರಡು ಕೈ, ಮೂಲೆಯಲ್ಲಿ ಮುದುಡಿ ಕೂತ ಹುಡುಗಿಯ ಬೆನ್ನು. ಕೆಳಗೆ ದೇಣಿಗೆಯ ಲಿಂಕ್, ಅದರ ಕೆಳಗೆ ಒಂದು ವಿಡಿಯೊ. ಪೋಸ್ಟರ್ ವರ್ಷವರ್ಷ ಬದಲಾಗುತ್ತೆ, ವಿಡಿಯೊ ಮಾತ್ರ ಅದೇ. ಸುನೀತಾ ಕೃಷ್ಣನ್ ಅವರ ಟೆಡ್ ಭಾಷಣ.

ನೀವೂ ನೋಡಿರ್ತೀರಿ. 2009ರ ನವೆಂಬರಿನಲ್ಲಿ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಲ್ಲಿ ನಡೆದ ಟೆಡ್ ಇಂಡಿಯಾದಲ್ಲಿ ಅವರು ಮಾತಾಡಿದ್ದು, ಹನ್ನೆರಡು ಹದಿಮೂರು ನಿಮಿಷ. ನಾನು ಮೊದಲ ಸಲ ನೋಡಿದ್ದು ಬಿಇ ಓದುವಾಗ, ಹಾಸ್ಟೆಲ್ ರೂಮಿನಲ್ಲಿ, ನಾಲ್ಕು ಜನ ಒಂದೇ ಲ್ಯಾಪ್‌ಟಾಪಿಗೆ ಮುತ್ತಿಕೊಂಡು. ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಮೆಸ್ಸಿಗೆ ಹೋಗಿ ಊಟ ಮಾಡಿದ್ದು ಮಾತ್ರ ನೆನಪಿದೆ. ಕೆಲಸಕ್ಕೆ ಸೇರಿದ ಮೇಲೆ ತಿಂಗಳಿಗೆ ಇಷ್ಟು ಅಂತ ಇಂಥದ್ದೇ ಒಂದು ಸಂಸ್ಥೆಗೆ ಕೊಡೋಕೆ ಶುರು ಮಾಡಿದೆ. ಆಟೊ ಡೆಬಿಟ್. ಒಮ್ಮೆ ಸೆಟ್ ಮಾಡಿದರೆ ಮರೆತುಬಿಡಬಹುದು, ಅದೇ ಅದರ ಅನುಕೂಲ. ಈಚೆಗೆ, ಒಂದು ಕಾರಣಕ್ಕೆ, ಆ ಭಾಷಣವನ್ನು ಮತ್ತೆ ಮೂರು ಸಲ ನೋಡಿದೆ. ಕಾರಣ ಆಮೇಲೆ ಹೇಳ್ತೀನಿ.

ಸುನೀತಾ ಹುಟ್ಟಿದ್ದು ಬೆಂಗಳೂರಿನಲ್ಲಿ. ಹೈದರಾಬಾದಿನ ಮೆಹಬೂಬ್ ಕಿ ಮೆಹಂದಿ ಎಂಬ ಕೆಂಪುದೀಪ ಪ್ರದೇಶವನ್ನು 1996ರಲ್ಲಿ ಖಾಲಿ ಮಾಡಿಸಿ ಅಲ್ಲಿನ ಹೆಂಗಸರನ್ನು ಬೀದಿಗೆ ತಳ್ಳಿದಾಗ, ಅವರ ಮಕ್ಕಳಿಗೊಂದು ಶಾಲೆ ಮಾಡುವುದರಿಂದ ‘ಪ್ರಜ್ವಲಾ’ ಶುರುವಾಯಿತು. ಭಾಷಣ ಆರಂಭವಾಗುವುದು ಮೂರು ಪುಟ್ಟ ಮಕ್ಕಳ ಕಥೆಯಿಂದ. ಆ ವಿವರಗಳನ್ನು ಇಲ್ಲಿ ಬರೆಯಲ್ಲ. ಅವರು ದನಿ ಏರಿಸಲ್ಲ, ಅಳಲ್ಲ, ಡಾಕ್ಟರು ರಿಪೋರ್ಟ್ ಓದಿದ ಹಾಗೆ ಹೇಳ್ತಾ ಹೋಗ್ತಾರೆ. ಆಮೇಲೆ ತಮ್ಮದೇ ಕಥೆ. ಹದಿನೈದನೇ ವಯಸ್ಸಿನಲ್ಲಿ ಎಂಟು ಜನರಿಂದ ಅತ್ಯಾಚಾರ. ಅದಕ್ಕಿಂತ ಹೆಚ್ಚು ತನ್ನಲ್ಲಿ ಉಳಿದಿದ್ದು ಸಿಟ್ಟು ಅಂತಾರೆ. ಆಮೇಲಿನ ಎರಡು ವರ್ಷ ಸುತ್ತಲಿನವರು ತನ್ನನ್ನು ದೂರ ಇಟ್ಟ ರೀತಿಗೆ ಬಂದ ಸಿಟ್ಟು.

ಇಷ್ಟರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ನಾವು ಆ ಭಾಷಣವನ್ನು ಹಂಚುವ ರೀತಿಯ ಬಗ್ಗೆ. ಹಂಚಿದವರನ್ನು ಕೇಳಿ ನೋಡಿ, ಮೂರು ಮಕ್ಕಳ ಕಥೆ ಎಲ್ಲರಿಗೂ ನೆನಪಿರುತ್ತೆ. ಕೊನೆಯ ಭಾಗ ನೆನಪಿರೋರು ಕಡಿಮೆ. ಅಸಲು ಭಾಷಣ ಇರೋದೇ ಅಲ್ಲಿ.

ಕೊನೆಯ ಭಾಗದಲ್ಲಿ ಅವರು ತಮಗೆ ಸಹಾಯ ಮಾಡುವ ಒಬ್ಬ ಗೆಳತಿಯ ಸಂಗತಿ ಹೇಳ್ತಾರೆ. ಆಕೆ ತಿಂಗಳು ತಿಂಗಳು ಪ್ರಜ್ವಲಾದ ಮಕ್ಕಳ ತರಕಾರಿ ಖರ್ಚಿಗೆ ದುಡ್ಡು ಕೊಡುವವರು. ಒಳ್ಳೆಯವರು. ಒಂದು ದಿನ ಆಕೆಯ ತಾಯಿಗೆ ಹುಷಾರು ತಪ್ಪುತ್ತೆ. ನಿನಗೆ ಇಷ್ಟು ಜನ ಪರಿಚಯ ಇದ್ದಾರಲ್ಲ, ಅಮ್ಮನನ್ನು ನೋಡಿಕೊಳ್ಳೋಕೆ ಯಾರನ್ನಾದರೂ ಹುಡುಕಿಕೊಡು ಅಂತ ಕೇಳ್ತಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆದರೆ ನಿಮ್ಮಲ್ಲಿನ ಹುಡುಗಿಯರು ಬೇಡ ಅಂತಾರೆ. ಅಷ್ಟೇ. ಸಭೆಯಲ್ಲಿ ಕೆಲವರು ನಕ್ಕಿರಬಹುದು, ನನಗೆ ಕೇಳಿಸಲಿಲ್ಲ. ಇಂಥ ಒಳ್ಳೆ ಎಸಿ ಹಾಲಿನಲ್ಲಿ ಕೂತು ಈ ವಿಷಯ ಮಾತಾಡೋದು ಈಗ ಫ್ಯಾಷನ್ ಆಗಿದೆ ಅನ್ನೋ ಅರ್ಥದ ಮಾತನ್ನೂ ಆ ಹಾಲಿನಲ್ಲೇ ನಿಂತು ಅಂದವರು ಅವರು. ತನ್ನ ಕೆಲಸದಲ್ಲಿ ಅತಿ ದೊಡ್ಡ ಅಡ್ಡಿ ಯಾವುದು ಅಂತ ಹೇಳುವಾಗ ದಲ್ಲಾಳಿಗಳನ್ನಲ್ಲ, ಕೇಳಿಸಿಕೊಳ್ತಾ ಕೂತವರನ್ನು ತೋರಿಸ್ತಾರೆ. ನಮ್ಮ ಸಿಎಸ್‌ಆರ್ ಮೇಲ್ ಈ ಮಾತನ್ನು ಕತ್ತಲೆ ಕೋಣೆಯ ಪೋಸ್ಟರಿನ ಕೆಳಗೆ ಇಟ್ಟು ಕಳಿಸುತ್ತೆ. ಪೋಸ್ಟರ್ ಹೇಳೋದು, ಕೆಟ್ಟವರು ಬೇರೆ ಎಲ್ಲೋ ಇದ್ದಾರೆ ಅಂತ.

ಕನ್ನಡದ ಪದವೂ ಇದಕ್ಕೆ ಸ್ವಲ್ಪ ಹೊಣೆ. ‘ಕಳ್ಳಸಾಗಣೆ’ ಅಂದ ತಕ್ಷಣ ನಮಗೆ ಬರೋ ಚಿತ್ರ ಗಂಧದ ತುಂಡು, ಚಿನ್ನದ ಬಿಸ್ಕತ್ತು, ರಾತ್ರಿ ಲಾರಿ, ಚೆಕ್‌ಪೋಸ್ಟ್. ಕಾನೂನು ಹೇಳೋದು ಅದಲ್ಲ. 2013ರಲ್ಲಿ ತಿದ್ದಿದ ಐಪಿಸಿ 370ನೇ ಸೆಕ್ಷನ್, ಈಗಿನ ನ್ಯಾಯ ಸಂಹಿತೆಯ 143, ಐದು ಕ್ರಿಯೆಗಳನ್ನು ಹೆಸರಿಸುತ್ತೆ: ಶೋಷಣೆಗಾಗಿ ಒಬ್ಬರನ್ನು ನೇಮಿಸುವುದು, ಸಾಗಿಸುವುದು, ಇರಿಸಿಕೊಳ್ಳುವುದು, ಇನ್ನೊಬ್ಬರಿಗೆ ವರ್ಗಾಯಿಸುವುದು, ಪಡೆದುಕೊಳ್ಳುವುದು. ಬೆದರಿಕೆ, ಬಲವಂತ, ಅಪಹರಣ, ಮೋಸ, ಅಧಿಕಾರದ ದುರುಪಯೋಗ, ಆಮಿಷ, ಇವುಗಳಲ್ಲಿ ಯಾವುದರಿಂದ ಆದರೂ ಅಪರಾಧವೇ. ಆಕೆ ಒಪ್ಪಿದ್ದಳು ಅನ್ನೋ ವಾದ ನಡೆಯಲ್ಲ. ಐದರಲ್ಲಿ ಸಾಗಣೆ ಒಂದೇ. ಉಳಿದ ನಾಲ್ಕಕ್ಕೆ ಲಾರಿ ಬೇಕಿಲ್ಲ, ಅಪಾರ್ಟ್‌ಮೆಂಟ್ ಸಾಕು.

ಇನ್ನು ಈ ಭಾಷಣದ ಬಗ್ಗೆ ನನಗಿರುವ ನಿಜವಾದ ಜಗಳ. ಅದಕ್ಕೆ ಸಾಂಗ್ಲಿಗೆ ಹೋಗಬೇಕು.

ನಮ್ಮೂರು ಅಥಣಿ ತಾಲೂಕಿನಲ್ಲಿ. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಬಂದರೆ ಬೆಳಗಾವಿ ಅಲ್ಲ, ಮೀರಜ್. ಚಿಕ್ಕವನಿದ್ದಾಗ ಅಪ್ಪನ ಜೊತೆ ಆಸ್ಪತ್ರೆಗೆ ಅಂತ ಹೋದಾಗ ಸಾಂಗ್ಲಿ ಬಸ್ ಸ್ಟ್ಯಾಂಡಿನಲ್ಲಿ ಕನ್ನಡ ಮಾತಾಡೋ ಹೆಂಗಸರನ್ನು ಕಂಡು ಖುಷಿಯಿಂದ ಅಪ್ಪನಿಗೆ ಹೇಳಿದ್ದೆ. ಅಪ್ಪ ಕೈ ಜಗ್ಗಿ ಆಚೆ ಕರಕೊಂಡು ಹೋದರು. ಆ ಊರಿನ ಗೋಕುಲನಗರ ಅಂದರೆ ಏನು, ಅಲ್ಲಿ ನಮ್ಮ ಭಾಷೆ ಯಾಕಿದೆ ಅಂತ ತಿಳಿದಿದ್ದು ಬಹಳ ವರ್ಷದ ಮೇಲೆ. ಉತ್ತರ ಕರ್ನಾಟಕದ ದೇವದಾಸಿ ಕುಟುಂಬಗಳಿಂದ ಬಂದವರು ಅಲ್ಲಿ ಬಹಳ ಮಂದಿ. ಮುತ್ತು ಕಟ್ಟೋದನ್ನು ನಮ್ಮ ರಾಜ್ಯ 1982ರ ಕಾಯ್ದೆಯಲ್ಲಿ ನಿಷೇಧಿಸಿತು. ಬಸ್ಸುಗಳು ಮಾತ್ರ ಓಡ್ತಾನೇ ಇದ್ದವು.

ಅದೇ ಸಾಂಗ್ಲಿಯಲ್ಲಿ ಮೀನಾ ಸೇಷು ಅವರ ‘ಸಂಗ್ರಾಮ್’ ಸಂಸ್ಥೆ ಇದೆ. ಅದರ ಜೊತೆ ಬೆಳೆದದ್ದು ಲೈಂಗಿಕ ವೃತ್ತಿಯಲ್ಲಿರೋ ಹೆಂಗಸರದ್ದೇ ಸಂಘಟನೆ, ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್. ಅದೂ 1996ರದ್ದೇ. ಪ್ರಜ್ವಲಾ ಹುಟ್ಟಿದ ವರ್ಷವೇ, ಅದಕ್ಕೆ ಪೂರ್ತಿ ಎದುರು ದಿಕ್ಕಿನಲ್ಲಿ. ಇವರ ಒಂದು ಘೋಷಣೆ ‘ನಮ್ಮನ್ನು ಉದ್ಧಾರಕರಿಂದ ಕಾಪಾಡಿ’ ಅನ್ನೋ ಅರ್ಥದ್ದು. 2005ರಲ್ಲಿ ಒಂದು ಅಮೆರಿಕನ್ ಸಂಸ್ಥೆ ಮುಂದೆ ನಿಂತು ಪೊಲೀಸರಿಂದ ಗೋಕುಲನಗರದ ಮೇಲೆ ದಾಳಿ ಮಾಡಿಸಿತು. ಎಷ್ಟೋ ಹೆಂಗಸರನ್ನು ಎಳಕೊಂಡು ಹೋದರು. ಇಂಥ ದಾಳಿಯಲ್ಲಿ ಸಿಕ್ಕ ಹೆಂಗಸನ್ನು 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರು ಒಂದರಿಂದ ಮೂರು ವರ್ಷ ರಕ್ಷಣಾಗೃಹಕ್ಕೆ ಕಳಿಸಬಹುದು. ಇಷ್ಟವಿಲ್ಲದವಳಿಗೆ ಅದರ ಹೆಸರು ರಕ್ಷಣೆ ಅಲ್ಲ, ಜೈಲು. ಇಷ್ಟಕ್ಕೆ ವಿರುದ್ಧ ಹಿಡಿದಿಟ್ಟ ವಯಸ್ಕ ಹೆಂಗಸರ ಸಮೀಕ್ಷೆ ಮಾಡಿ ಬಿಡುಗಡೆ ಮಾಡಿ ಅಂತ ಸುಪ್ರೀಂ ಕೋರ್ಟು 2022ರ ಮೇ 19ರ ಆದೇಶದಲ್ಲಿ ಹೇಳಬೇಕಾಗಿ ಬಂತು. ತಾವಾಗಿಯೇ ಈ ಕೆಲಸದಲ್ಲಿರೋ ವಯಸ್ಕರನ್ನು ಪೊಲೀಸರು ಹಿಂಸಿಸಬಾರದು ಅಂತಲೂ.

ಸುನೀತಾ ಅವರ ಭಾಷಣದಲ್ಲಿ ಈ ಹೆಂಗಸಿಗೆ ಜಾಗ ಇಲ್ಲ. ‘ನಾನು ಬರಲ್ಲ, ನನ್ನನ್ನು ಬಿಡಿ’ ಅನ್ನೋ ಮೂವತ್ತೈದರ ಹೆಂಗಸು ಅಲ್ಲಿ ಒಂದು ನಿಮಿಷವೂ ಬರಲ್ಲ. ನಾಲ್ಕು ವರ್ಷದ ಮಗುವಿನ ಕಥೆಯಿಂದ ಶುರು ಮಾಡಿದರೆ ಆಕೆಗೆ ಬಾಯಿ ತೆರೆಯೋಕೂ ಆಗಲ್ಲ. ಇದು ಭಾಷಣದ ದೊಡ್ಡ ಕೊರತೆ ಅಂತ ನನ್ನ ಅಭಿಪ್ರಾಯ. ಹಾಗಂತ ಸಾಂಗ್ಲಿಯವರ ಘೋಷಣೆಯನ್ನು ಟೀ ಶರ್ಟ್ ಮೇಲೆ ಹಾಕಿಕೊಂಡು ಓಡಾಡೋ ಬೆಂಗಳೂರಿನ ಗೆಳೆಯರ ಜೊತೆಗೂ ನಾನಿಲ್ಲ. ಹದಿಮೂರಕ್ಕೆ ಬಸ್ಸು ಹತ್ತಿಸಿದ ಹುಡುಗಿ ಮೂವತ್ತೈದಕ್ಕೆ ‘ಇದು ನನ್ನ ಆಯ್ಕೆ’ ಅಂದಾಗ ಆ ಮಾತಿಗೆ ಪೂರ್ತಿ ಗೌರವ ಕೊಡಬೇಕು. ಬಸ್ಸು ಹತ್ತಿಸಿದವರನ್ನೂ ಹಿಡಿಯಬೇಕು. ಎರಡನ್ನೂ ಒಟ್ಟಿಗೆ ಹೇಳೋ ಭಾಷಣವನ್ನು ನಾನಿನ್ನೂ ಕೇಳಿಲ್ಲ. ಹನ್ನೆರಡು ನಿಮಿಷದಲ್ಲಿ ಆಗೋ ಕೆಲಸವೂ ಅಲ್ಲವೇನೋ.

ಒಂದು ಮಾತು ಪ್ರಜ್ವಲಾ ಪರವಾಗಿ ಹೇಳಲೇಬೇಕು, ಅದೂ ನಮ್ಮ ಕಸುಬಿನವರಿಗೆ. ಅತ್ಯಾಚಾರದ ವಿಡಿಯೊಗಳು ವಾಟ್ಸಾಪಿನಲ್ಲಿ ಓಡಾಡ್ತಿರೋದನ್ನು ಕಂಡು 2015ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಕೋರ್ಟು ಅದನ್ನೇ ಕೇಸ್ ಮಾಡಿಕೊಂಡಿತು. ಗೂಗಲ್, ಫೇಸ್‌ಬುಕ್, ಮೈಕ್ರೋಸಾಫ್ಟಿನವರನ್ನೆಲ್ಲ ಕೂರಿಸಿ, ಇಂಥದ್ದನ್ನು ತಡೆಯೋದು ಹೇಗೆ ಅಂತ ಸಮಿತಿ ಮಾಡಿಸಿತು. ಆ ವಿಚಾರಣೆಯ ದಾರಿಯಲ್ಲೇ 2018ರಲ್ಲಿ ದೂರು ಕೊಡೋಕೆ ಸರ್ಕಾರಿ ಸೈಬರ್ ಕ್ರೈಂ ಪೋರ್ಟಲ್ ಬಂತು. ಯಾರ ಕಣ್ಣಲ್ಲೂ ನೀರು ತರಿಸದ ಕೆಲಸ ಇದು. ಹ್ಯಾಶ್ ಮ್ಯಾಚಿಂಗ್, ಕೀವರ್ಡ್ ಪಟ್ಟಿ, ಅಫಿಡವಿಟ್ಟು. ನಮ್ಮ ಸಿಎಸ್‌ಆರ್ ಮೇಲಿನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮ ಸಾವಿರಾರು ಎಂಜಿನಿಯರುಗಳಿಂದ ನಿಜಕ್ಕೂ ಏನಾದರೂ ಉಪಯೋಗ ಆಗಬಹುದಾಗಿದ್ದು ಇಲ್ಲೇ. ನಮ್ಮನ್ನು ಕೇಳಿದ್ದು ದುಡ್ಡು.

ಈಗ ಕಾರಣಕ್ಕೆ ಬರ್ತೀನಿ.

ಹೋದ ವರ್ಷ ಅವ್ವನ ಸೊಂಟದ ಆಪರೇಷನ್ ಆಯಿತು. ಊರಿನಿಂದ ಕರಕೊಂಡು ಬಂದು ಫ್ಲ್ಯಾಟಿನಲ್ಲಿ ಇಟ್ಟುಕೊಂಡಿದ್ದೆವು. ನಾನೂ ಹೆಂಡತಿಯೂ ಕೆಲಸಕ್ಕೆ ಹೋಗೋರು. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಯಾರೋ ಒಂದು ಏಜೆನ್ಸಿ ನಂಬರ್ ಕೊಟ್ಟರು. ಮಾರನೇ ದಿನವೇ ಒಬ್ಬಾತ ಹುಡುಗಿಯನ್ನು ಕರಕೊಂಡು ಬಂದ. ಜಾರ್ಖಂಡಿನವಳು, ಹತ್ತೊಂಬತ್ತು ಅಂತ ಆಧಾರ್ ಜೆರಾಕ್ಸ್ ಕೊಟ್ಟ. ಸಂಬಳ ಏಜೆನ್ಸಿ ಅಕೌಂಟಿಗೆ, ಅವರು ಅವಳ ಮನೆಗೆ ಕಳಿಸ್ತಾರೆ. ಫೋನು ಅವನ ಹತ್ತಿರ ಇರುತ್ತೆ, ಭಾನುವಾರ ಅವನೇ ಮಾತಾಡಿಸ್ತಾನೆ, ಇಲ್ಲದಿದ್ದರೆ ಹುಡುಗಿಯರು ಫೋನಿನಲ್ಲೇ ಇರ್ತಾರೆ ಸರ್, ಕೆಲಸ ಮಾಡಲ್ಲ ಅಂದ. ನನಗೆ ಅದು ಸರಿ ಅನಿಸಿತು. ನಿಜ ಹೇಳ್ತೀನಿ, ಸರಿ ಅಂತಲೇ ಅನಿಸಿತು.

ಅವ್ವನಿಗೆ ಹಿಂದಿ ಬರಲ್ಲ, ಆ ಹುಡುಗಿಗೆ ಕನ್ನಡ ಬರಲ್ಲ. ಆದರೂ ಒಂದೂವರೆ ತಿಂಗಳಲ್ಲಿ ಇಬ್ಬರ ನಡುವೆ ಏನೋ ಒಂದು ಭಾಷೆ ಆಗಿತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ ಅವ್ವ ಕೇಳಿದಳು, “ತಮ್ಮಾ, ಈ ಕೂಸಿನ ಪಗಾರ ಆಕಿ ಕೈಯಾಗ ಕೊಡ್ತಿಯೇನು?”

“ಇಲ್ಲವ್ವ, ಏಜೆನ್ಸಿಗೆ ಹಾಕ್ತೀನಿ.”

“ಆಕಿ ಹಂತ್ಯಾಕ ಹತ್ತು ರೂಪಾಯಿ ಸೈತ ಇಲ್ಲ. ತಲಿಗೆ ಪಿನ್ನು ಬೇಕಂದ್ರ ನನ್ನ ಕೇಳತಾಳ. ಹಂಗಾದ್ರ ಆಕಿ ಜೀತಕ್ಕ ಇದ್ದಂಗಾತು.”

ಜೀತ. ಪೋಸ್ಟರಿನಲ್ಲಿ ಆ ಪದ ಇರಲಿಲ್ಲ. ನಮ್ಮೂರಲ್ಲಿ ಗೌಡರ ಹೊಲದಲ್ಲಿ ಜೀತಕ್ಕಿದ್ದವರನ್ನು ನೋಡುತ್ತಲೇ ಬೆಳೆದವನು ನಾನು. 1976ರಲ್ಲೇ ಜೀತ ರದ್ದಾಗಿದೆ ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವನು. ಮಾನವ ಕಳ್ಳಸಾಗಣೆ ಅಂತ ಯಾರಾದರೂ ಹೇಳಿದ್ದರೆ ಅವ್ವನಿಗೆ ತಿಳೀತಿರಲಿಲ್ಲ. ನನಗೆ ಆ ಪದ ಗೊತ್ತಿತ್ತು, ಮನೆಯಲ್ಲಿದ್ದದ್ದು ಕಾಣಲಿಲ್ಲ.

ಮರುದಿನ ಏಜೆನ್ಸಿಗೆ ಫೋನ್ ಮಾಡಿ, ಇನ್ನು ಸಂಬಳ ಅವಳ ಅಕೌಂಟಿಗೇ ಹಾಕ್ತೀನಿ, ನಂಬರ್ ಕೊಡಿ ಅಂದೆ. ಆಯ್ತು ಸರ್ ಅಂದ. ಅದರ ಮಾರನೇ ಬೆಳಗ್ಗೆ ಒಂಬತ್ತಕ್ಕೆ ಇನ್ನೊಬ್ಬಳನ್ನು ಕರಕೊಂಡು ಬಾಗಿಲಲ್ಲಿ ನಿಂತಿದ್ದ. ಇವಳಿಗೆ ಊರಿಗೆ ಹೋಗಬೇಕಂತೆ, ಮನೆಯಲ್ಲಿ ಹುಷಾರಿಲ್ಲವಂತೆ. ಹುಡುಗಿ ಏನೂ ಅನ್ನಲಿಲ್ಲ. ಹತ್ತು ನಿಮಿಷದಲ್ಲಿ ಚೀಲ ತುಂಬಿಕೊಂಡಳು. ಅವ್ವ ವಾಕರ್ ಹಿಡಿದು ಬಾಗಿಲ ತನಕ ಬಂದು “ಎಲ್ಲಿಗೆ ಒಯ್ತಿ ಆಕಿನ್ನ?” ಅಂತ ಅವನನ್ನೇ ಕೇಳಿದಳು. ಅವನು ನನ್ನ ಮುಖ ನೋಡಿದ. ನನಗೆ ಒಂಬತ್ತೂವರೆಗೆ ಸ್ಟ್ಯಾಂಡ್ ಅಪ್ ಕಾಲ್ ಇತ್ತು.

ಪೊಲೀಸರಲ್ಲಿ ಮಾನವ ಕಳ್ಳಸಾಗಣೆ ತಡೆ ಘಟಕ ಅಂತ ಇದೆ. ಮಕ್ಕಳಾಗಿದ್ದರೆ 1098. ಎರಡೂ ಆ ಸಿಎಸ್‌ಆರ್ ಮೇಲಿನಲ್ಲೇ ಇದ್ದವು, ದೇಣಿಗೆ ಲಿಂಕಿನ ಕೆಳಗೆ, ಸಣ್ಣ ಅಕ್ಷರದಲ್ಲಿ. ಆ ಹುಡುಗಿ ಹತ್ತೊಂಬತ್ತಿರಬಹುದು, ನಿಜವಾಗಿ ಊರಿಗೇ ಹೋಗಿರಬಹುದು, ದುಡ್ಡು ಮನೆಗೆ ಸೇರ್ತಿದ್ದಿರಬಹುದು. ಹೀಗೆ ಯೋಚನೆ ಮಾಡ್ತಾ ನಾಲ್ಕು ದಿನ ಕಳೆದೆ. ಐದನೇ ದಿನ ಅವಳ ಬಗ್ಗೆ ಕೇಳೋಕೆ ಫೋನ್ ಮಾಡಿದಾಗ ಅವನು ಎತ್ತಲಿಲ್ಲ. ಎರಡನೆಯವಳನ್ನು ಹೆಂಡತಿ ಅದೇ ದಿನ ಬೇಡ ಅಂತ ವಾಪಸ್ ಕಳಿಸಿದ್ದಳು.

ಆಮೇಲೆ ಭಾಷಣವನ್ನು ಮತ್ತೆ ನೋಡಿದ್ದು. ಈ ಸಲ ಮೂರು ಮಕ್ಕಳ ಕಥೆಯನ್ನು ಓಡಿಸಿ ನೇರ ತರಕಾರಿ ಗೆಳತಿಯ ಭಾಗಕ್ಕೆ ಹೋದೆ. ಆಕೆ ಕನಿಷ್ಠ ಬಾಯಿಬಿಟ್ಟು ಬೇಡ ಅಂದಿದ್ದಳು.

ಏಜೆನ್ಸಿ ಕೊನೆಯ ತಿಂಗಳ ಬಿಲ್ಲನ್ನು ಜಿಎಸ್‌ಟಿ ಸಮೇತ ಮೇಲ್ ಮಾಡಿತ್ತು, ನಾನು ಕಟ್ಟಿದೆ. ಆ ರಸೀದಿ ಇನ್ನೂ ಇನ್‌ಬಾಕ್ಸಿನಲ್ಲಿದೆ. ಅದರಲ್ಲಿ ಅವಳ ಹೆಸರು ಎರಡು ಕಡೆ ಬರುತ್ತೆ, ಒಂದೊಂದು ಕಡೆ ಒಂದೊಂದು ಸ್ಪೆಲಿಂಗು.